ಕೋಣಗರುವನ್ನು ಉಳಿಸಿಕೊಂಡೇ ಹಾಲು ಹಿಂಡಿದ್ದು

ಎಮ್ಮೆ ಕೋಣಗರ, ಅಂದರೆ ಗಂಡು ಕರು, ಹಾಕಿತೆಂದರೆ ನಮ್ಮ ಧಾರವಾಡ ಸೀಮೆಯಲ್ಲಿ ಮನೆಯವರ ಮುಖ ಇಳಿಯುತ್ತದೆ. ಯಾರೂ ಕೊಲ್ಲುವುದಿಲ್ಲ. ಹಾಲು ಬಿಡುವುದು ಕಡಿಮೆ ಮಾಡುತ್ತಾರೆ, ತಿಂಗಳೊಳಗೆ ಅದೇ ಸಾಯುತ್ತದೆ. ಆಮೇಲೆ ಎಮ್ಮೆ ಸೊರೆ ಬಿಡದು, ಹಾಲು ಕೆಳಗಿಳಿಸದು; ಸತ್ತ ಕರುವಿನ ಚರ್ಮಕ್ಕೆ ಹೊಟ್ಟು ತುಂಬಿ ಎದುರಿಗೆ ನಿಲ್ಲಿಸಬೇಕು, ಇಲ್ಲವೇ ಹಾಲಿಳಿಸುವ ಹಾರ್ಮೋನು ಆಕ್ಸಿಟೋಸಿನ್ ಚುಚ್ಚಬೇಕು. ಹಾಲಿನಾಸೆಗೆ ಜೀವಕ್ಕೆ ಕೆಡುಕಾಗುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಕಲಮಿನಲ್ಲೇ ಅಪರಾಧ. "ಕೋಣಗರಕ್ಕ ಹಾಲ ಕುಡಿಸಿ ಮನಿ ತೊಳಕೊಂತಿ ನೋಡು" ಎಂದು ನನಗೆ ಅಂದವರ ಎಮ್ಮೆ 5 ತಿಂಗಳಿಗೇ ಬತ್ತಿತು. ಕರ ಉಳಿಸಿಕೊಂಡ ನಮ್ಮದು 9ನೇ ತಿಂಗಳಲ್ಲೂ ಹೊತ್ತಿಗೆ ಲೀಟರ್ ಕೊಡುತ್ತಿದೆ.

ಮೊದಲ ಎರಡು ಕರ ಉಳಿಯಲಿಲ್ಲ. ಒಂದಕ್ಕೆ ಪೂರ್ತಿ ಕೆಚ್ಚಲು ಬಿಟ್ಟು ಭೇದಿ ಹತ್ತಿತು. ಇನ್ನೊಂದು ಜಂತಿನಿಂದ. ಎಮ್ಮೆ ಕರಕ್ಕೆ ದುಂಡುಜಂತು ತಾಯಿಯ ಹಾಲಿನಲ್ಲೇ ಇಳಿಯುತ್ತದೆ. ಹೊಟ್ಟೆ ಉಬ್ಬಿ, ಕೂದಲು ಒರಟಾಗಿ, ಜೇಡಿಮಣ್ಣಿನ ಬಣ್ಣದ ಗಬ್ಬು ಸಗಣಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಈಗ 10ರಿಂದ 15ನೇ ದಿನದೊಳಗೆ ಜಂತಿನ ಔಷಧಿ ಪೈಪರಜೀನ್ ಹಾಕುತ್ತೇನೆ, ತೂಕ ನೋಡಿ ಡಾಕ್ಟರು ಹೇಳಿದಷ್ಟು.

ಗಿಣ್ಣದ ಹಾಲಿಗೆ ಮಾಸು ಬೀಳುವ ದಾರಿ ಕಾಯಬೇಡಿ. ಹುಟ್ಟಿದ ತಾಸಿನೊಳಗೆ ಮೊಲೆಗೆ ಹಚ್ಚಬೇಕು. 28 ಕಿಲೋ ಕರಕ್ಕೆ ಮೊದಲ ದಿನ 3 ಲೀಟರ್, ಮೂರು ಸಲಕ್ಕೆ. ಹೊಕ್ಕುಳಿಗೆ ಟಿಂಚರ್ ಅಯೋಡಿನ್. 15 ದಿನ ಎರಡು ಮೊಲೆ, ಆಮೇಲೆ ಮೂರು ತಿಂಗಳ ತನಕ ಒಂದೇ. ಮೂರನೇ ವಾರದಿಂದ ಗೋದಲಿಯಲ್ಲಿ ಹಿಂಡಿ, ಬೂಸಾ, ಸಣ್ಣಗೆ ಕತ್ತರಿಸಿದ ಹಸಿ ಮೇವು. ಬೂಸಾದ ಜೋಡಿ ಬೆಲ್ಲ ಮತ್ತು ಇನ್ನೊಂದು ಕಲಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಕರಕ್ಕೆ ಬಕೆಟ್ಟಿನಲ್ಲಿ ಹಾಲು ಕುಡಿಸಿಯೂ ನೋಡಿದೆ. ಕರ ಕಲಿಯಿತು, ಎಮ್ಮೆ ಮುನಿಯಿತು. ಬಿಟ್ಟೆ. ಬೇಸಿಗೆ ಮಧ್ಯಾಹ್ನ ಎಮ್ಮೆಯ ಬೆನ್ನಿಗೆ ಹಸಿ ಗೋಣಿಚೀಲ ಹೊದಿಸಿದ್ದು ಮಾತ್ರ ಕೆಲಸಕ್ಕೆ ಬಂತು; ಸಂಜೆಯ ಹಾಲು ಇಳಿಯಲಿಲ್ಲ.

ಕರ ಕುಡಿದ ಹಾಲು, ಹಿಂಡಿ ಸೇರಿ ಸುಮಾರು 7 ಸಾವಿರ ಹೋಗಿರಬೇಕು. ಹೆಚ್ಚಿಗೆ ಹಿಂಡಿದ ನಾಲ್ಕು ತಿಂಗಳಿಗೆ, ಲೀಟರಿಗೆ 60ರಂತೆ, 14 ಸಾವಿರದ ಆಸುಪಾಸು ಬಂತು. 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ ಸಂತೆಯಲ್ಲಿ ಕೋಣಗರಕ್ಕೆ ಗಿರಾಕಿ ಇಲ್ಲ, ಖರೆ. ಆದರೆ 2021ರಲ್ಲಿ ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿಯೆಂದು ಮಾನ್ಯತೆ ಸಿಕ್ಕ ಮೇಲೆ ಒಳ್ಳೆಯ ಬೀಜದ ಕೋಣ ಕೇಳಿಕೊಂಡು ಬರುತ್ತಾರೆ. ಒಂದೇ ಕೋಣ ಮೂರು ವರ್ಷ ಮೀರಿ ಇಟ್ಟರೆ ತನ್ನ ಮಗಳನ್ನೇ ಹಾರುತ್ತದೆ. ಅದಕ್ಕೇ ನವಲಗುಂದ ಕಡೆಯ ಒಂದು ಕೋಣದ ಜೋಡಿ ಅದಲುಬದಲಿಗೆ ಈಗಲೇ ಮಾತು ಆಡಿಟ್ಟಿದ್ದೇನೆ.