ಪರದೆ ಆರಿದಾಗ ಕಾಗದದ ನಕ್ಷೆ
ಚಾರ್ಟ್‌ಪ್ಲಾಟರ್ (ದೋಣಿಯ ಸ್ಥಾನವನ್ನು ಸಮುದ್ರದ ನಕ್ಷೆಯ ಮೇಲೆ ತೋರಿಸುವ ಜಿಪಿಎಸ್ ಪರದೆ) ಕೈಕೊಟ್ಟ ಮೇಲೆ ಸುತ್ತಿಟ್ಟ ನಕ್ಷೆ ಬಿಚ್ಚಿದರೆ ಹೆಚ್ಚು ಉಪಯೋಗವಿಲ್ಲ. ನೀವೆಲ್ಲಿದ್ದೀರಿ ಎಂಬ ಗುರುತು ಅದರ ಮೇಲೆ ಮೊದಲೇ ಇರಬೇಕು. ಗಂಟೆಗೊಮ್ಮೆ, ದಡದ ಹತ್ತಿರ 15 ನಿಮಿಷಕ್ಕೊಮ್ಮೆ, ಅಕ್ಷಾಂಶ-ರೇಖಾಂಶ ನೋಡಿ 2ಬಿ ಪೆನ್ಸಿಲಿನಲ್ಲಿ ಚುಕ್ಕಿಯಿಟ್ಟು ಸಮಯ, ದಿಕ್ಕು, ವೇಗ ಬರೆಯಿರಿ. ಗಟ್ಟಿ ಪೆನ್ಸಿಲ್ ಕಾಗದವನ್ನು ಗೀರುತ್ತದೆ, ಪೆನ್ನು ಅಳಿಸಲು ಬಾರದು.

ಪರದೆ ಆರಿತೆ? ಕೊನೆಯ ಚುಕ್ಕಿಯಿಂದ ಸಾಗಿದ ದಿಕ್ಕಿಗೆ ಗೆರೆ ಎಳೆಯಿರಿ. ದಿಕ್ಸೂಚಿ ತೋರಿದ್ದನ್ನು ನಕ್ಷೆಯ ದಿಕ್ಚಕ್ರದಲ್ಲಿ (ದಿಕ್ಕು ತೋರಿಸಲು ಮುದ್ರಿಸಿದ ವೃತ್ತದಲ್ಲಿ) ಕೊಟ್ಟಿರುವ ಕಾಂತೀಯ ವ್ಯತ್ಯಾಸಕ್ಕೆ, ಅಂದರೆ ನಿಜವಾದ ಉತ್ತರಕ್ಕೂ ದಿಕ್ಸೂಚಿಯ ಉತ್ತರಕ್ಕೂ ಇರುವ ಕೋನಕ್ಕೆ, ಸರಿಪಡಿಸಿಕೊಳ್ಳಿ. ನಾಟ್ ಎಂದರೆ ಗಂಟೆಗೆ 1 ನಾಟಿಕಲ್ ಮೈಲಿ (ಸುಮಾರು 1.85 ಕಿ.ಮೀ.); 6 ನಾಟ್ ವೇಗದಲ್ಲಿ 20 ನಿಮಿಷಕ್ಕೆ 2 ನಾಟಿಕಲ್ ಮೈಲಿ. ಪ್ರವಾಹ ಇದನ್ನು ಬದಲಿಸುತ್ತದೆ, ಹಾಗಾಗಿ ದೀಪಸ್ತಂಭ ಕಂಡೊಡನೆ ತಾಳೆ ನೋಡಿ. ದೂರವನ್ನು ಡಿವೈಡರಿನಿಂದ ಎಡ-ಬಲ ಅಂಚಿನಲ್ಲಿ, ನೀವಿರುವ ಅಕ್ಷಾಂಶದ ಮಟ್ಟದಲ್ಲೇ ಅಳೆಯಿರಿ: ಅಲ್ಲಿ ಅಕ್ಷಾಂಶದ 1 ನಿಮಿಷವೆಂದರೆ (ಡಿಗ್ರಿಯ 60ನೇ ಒಂದು ಭಾಗ) 1 ನಾಟಿಕಲ್ ಮೈಲಿ. ಮೇಲೆ-ಕೆಳಗಿನ ಅಂಚಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ಹಳೆಯ ನಕ್ಷೆಯಾದರೆ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂಬ ಅಕ್ಷಾಂಶ-ರೇಖಾಂಶ ವ್ಯವಸ್ಥೆಯ ಆಧಾರವಿದೆಯೇ ನೋಡಿ. ಇಲ್ಲದಿದ್ದರೆ ಜಿಪಿಎಸ್ ಚುಕ್ಕಿ ನೂರಾರು ಮೀಟರ್ ಆಚೆ ಬೀಳಬಹುದು.