ಯುದ್ಧಕಾಲದ ಮಿಲಿಟರಿ ಲಾರಿ ತಗೋಬೇಕಾ ಬೇಡ್ವಾ, ಹೆಂಗೆ ತೀರ್ಮಾನ ಮಾಡೋದು

ಮಲ್ನಾಡ್ ಕಡೆ ಹಳೇ ಕಾಫಿ ತೋಟದ ಶೆಡ್ಡಲ್ಲೋ, ಮರದ ಮಿಲ್ ಹಿಂದೆನೋ, ಅಲ್ಲೊಂದು ಇಲ್ಲೊಂದು ಮೋಟು ಮೂಗಿನ ಮಿಲಿಟರಿ ಲಾರಿ ಇನ್ನೂ ನಿಂತಿರುತ್ತೆ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಡಿಸ್ಪೋಸಲ್‌ನಲ್ಲಿ, ಅಂದ್ರೆ ಸೈನ್ಯ ತನಗೆ ಬೇಡವಾದದ್ದನ್ನ ಮಾರಿದಾಗ ಬಂದು, ಆಮೇಲೆ ವರ್ಷಾನುಗಟ್ಲೆ ನಾಟಾ ಹೊತ್ತು ಸವೆದವು. ಅಂಥದ್ದೊಂದು ಕಣ್ಣಿಗೆ ಬಿದ್ರೆ ಮನಸ್ಸು ಹೋಗೋದು ಸಹಜ, ನಂಗೂ ಹೋಗಿದೆ. ಆದ್ರೆ ಲಾರಿ ಮುಂದೆ ನಿಂತ್ಕೊಂಡೇ ಅಡ್ವಾನ್ಸ್ ಕೊಡೋಕೆ ಹೋಗ್ಬೇಡಿ, ಮೊದಲನೇ ಸಲ ಬರೀ ನೋಡ್ಕೊಂಡು ಫೋಟೋ ತಕ್ಕೊಂಡು ವಾಪಸ್ ಬನ್ನಿ.

ಮೊದ್ಲು ಅದು ಯಾವ ಗಾಡಿ ಅಂತ ಗೊತ್ತು ಮಾಡ್ಕೊಳ್ಳಿ. ನಮ್ಮ ದೇಶದಲ್ಲಿ ಸಿಗೋದ್ರಲ್ಲಿ ಕೆನಡಾದವು ತುಂಬಾ ಇವೆ, ಬ್ರಿಟಿಷ್ ಸೈನ್ಯದ ಅಳತೆಗೆ ಅಂತ ಶೆವರ್ಲೆಯವರು ಓಶವಾದಲ್ಲಿ, ಫೋರ್ಡ್‌ನವರು ವಿಂಡ್ಸರ್‌ನಲ್ಲಿ ಮಾಡಿದ್ದು, ಎಲ್ಲಾ ಸೇರಿ 4 ಲಕ್ಷಕ್ಕೂ ಹೆಚ್ಚು ಬಂದಿವೆ, ಸ್ಟೇರಿಂಗ್ ಬಲಗಡೆ ಇರುತ್ತೆ. 1941ರ ಕೊನೆಯಿಂದ ಬಂದ 13ನೇ ನಂಬರ್ ಕ್ಯಾಬಿನ್ ಆದ್ರೆ ದೂರದಿಂದ್ಲೇ ಗುರುತು ಸಿಗುತ್ತೆ, ಮುಂದಿನ ಗ್ಲಾಸಿನ ಕೆಳಗಿನ ಅಂಚು ಒಳಕ್ಕೆ ಹೋಗಿರುತ್ತೆ. ಬಿಸಿಲಿಗೆ ಗ್ಲಾಸ್ ಹೊಳೆದು ಮೇಲೆ ಹಾರೋ ವಿಮಾನಕ್ಕೆ ಕಾಣಬಾರ್ದು ಅಂತ ಹಾಗೆ ಮಾಡಿದ್ದು. ಶೆವರ್ಲೆ ಸಿ15ಎ ಅಂದ್ರೆ ಚಿಕ್ಕದು, 101 ಇಂಚು ವೀಲ್‌ಬೇಸ್ (ಮುಂದಿನ ಹಿಂದಿನ ಆಕ್ಸಲ್ ನಡುವಿನ ದೂರ), ನಾಕೂ ವೀಲ್ ಡ್ರೈವ್. ಸಿ60ಎಲ್ ಅಂದ್ರೆ ಮೂರು ಟನ್ನಿಂದು, 158 ಇಂಚು. ಇಬ್ರೇ ನೋಡ್ಕೊಳ್ಳೋ ಹಂಗಿದ್ರೆ ಚಿಕ್ಕದೇ ಸಾಕು ಅಂತ ನನ್ನ ಅಭಿಪ್ರಾಯ, ದೊಡ್ಡದರ ಒಂದು ಟೈರ್ ಎತ್ತೋಕೂ ಜನ ಬೇಕು.

ಈಗ ಮುಖ್ಯವಾದ ಮಾತು. ಓಡೋ ಲಾರಿಗಿಂತ ಪೂರ್ತಿ ಇರೋ ಲಾರಿ ತಗೊಳ್ಳಿ. ನಾನು ಮೊದ್ಲು ನೋಡಿದ್ದು ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು, ಎರಡು ಕಿಲೋಮೀಟರ್ ಓಡಿಸಿಯೂ ನೋಡ್ದೆ, ಖುಷಿಯಾಗಿ ಇನ್ನೇನು ಒಪ್ಕೋಬೇಕು ಅನ್ನೋವಾಗ ಜೊತೆಗೆ ಬಂದಿದ್ದ ಗ್ಯಾರೇಜ್ ಮೇಸ್ತ್ರಿ ಒಂದೊಂದೇ ತೋರಿಸ್ದ. ಎಂಜಿನ್ ಪರ್ಕಿನ್ಸ್ ಡೀಸೆಲ್, ಗೇರ್‌ಬಾಕ್ಸ್ ಬೇರೆ ಯಾವುದೋ ಲಾರಿದು, ಮುಂದಿನ ಆಕ್ಸಲ್ ಡ್ರೈವ್ ಇಲ್ಲದ್ದು, ಮೀಟರ್ ಬೋರ್ಡ್ ಖಾಲಿ. ಅಂದ್ರೆ ಕ್ಯಾಬಿನ್ ಒಂದು ಬಿಟ್ರೆ ಯುದ್ಧಕಾಲದ್ದು ಅಂತ ಏನೂ ಉಳಿದಿರ್ಲಿಲ್ಲ. ಆಮೇಲೆ ತಗೊಂಡಿದ್ದು ಇಪ್ಪತ್ತು ವರ್ಷದಿಂದ ಅಲ್ಲಾಡದೆ ನಿಂತಿದ್ದು, ಸೀಟ್ ಕೆಳಗೆ ಇಲಿ ಗೂಡು, ಆದ್ರೆ ಕಾರ್ಬ್ಯುರೇಟರ್ ಇತ್ತು, ಡೈನಮೋ ಇತ್ತು, ನಾಕೂ ವೀಲ್‌ಗೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್ ಇತ್ತು, ಹ್ಯಾಂಡ್ಲ್ ಹೊಡೆಯೋ ರಾಡ್ ಕೂಡ ಸೀಟ್ ಹಿಂದೆ ಕಟ್ಟಿಟ್ಟಿದ್ರು. ಕೆಟ್ಟಿರೋದನ್ನ ಲೇತ್‌ನವರು ರಿಪೇರಿ ಮಾಡಿ ಕೊಡ್ತಾರೆ, ಇಲ್ಲದೇ ಇರೋದನ್ನ ಹುಡುಕೋಕೆ ಗುಜರಿ ಗುಜರಿ ಅಲೀಬೇಕು.

ಎಂಜಿನ್ ವಿಷಯಕ್ಕೆ ಬಂದ್ರೆ ಶೆವರ್ಲೆದು 216 ಕ್ಯೂಬಿಕ್ ಇಂಚು, ಅಂದ್ರೆ ಸುಮಾರು ಮೂರೂವರೆ ಲೀಟರ್, ಆರು ಸಿಲಿಂಡರ್ ಪೆಟ್ರೋಲ್, 85 ಎಚ್‌ಪಿ. ಫೋರ್ಡ್‌ದು ವಿ8, 95 ಎಚ್‌ಪಿ. ಶೆವರ್ಲೆದ್ರಲ್ಲಿ ಒಂದು ವಿಶೇಷ ಇದೆ, ಕನೆಕ್ಟಿಂಗ್ ರಾಡ್‌ಗೆ ಈಗಿನ ಥರ ಬೇರಿಂಗ್ ಶೆಲ್ ಇಲ್ಲ, ವೈಟ್ ಮೆಟಲ್ ಅನ್ನೋ ಮೆತ್ತನೆ ಬೇರಿಂಗ್ ಲೋಹ ಕರಗಿಸಿ ಎರೆದಿರ್ತಾರೆ, ರಾಡ್ ತುದಿ ಆಯಿಲ್‌ನಲ್ಲಿ ಮುಳುಗಿ ಮುಳುಗಿ ಚಿಮ್ಮಿಸಿಕೊಂಡು ಓಡುತ್ತೆ. ಹಂಗಾಗಿ ಆಯಿಲ್ ಪ್ರೆಶರ್ ಮೀಟರ್ ಕಮ್ಮಿ ತೋರಿಸಿದ ತಕ್ಷಣ ಹೆದರ್ಬೇಡಿ, ಆ ಎಂಜಿನ್ ಸ್ವಭಾವವೇ ಹಾಗೆ. ಆದ್ರೆ ರೇಸ್ ಕೊಟ್ಟು ಬಿಟ್ಟಾಗ ಕೆಳಗಿಂದ ಟಕ ಟಕ ಅಂತ ಹೊಡೆದ್ರೆ ರಾಡ್ ಹೋಗಿದೆ ಅಂತ ಅರ್ಥ, ವೈಟ್ ಮೆಟಲ್ ಎರೆದು ಸರಿಯಾಗಿ ಬೋರ್ ಮಾಡೋ ಮೇಸ್ತ್ರಿಗಳು ಈಗ ಬೆರಳೆಣಿಕೆ, ಸಿಗ್ತಾರಾ ಅಂತ ಮೊದ್ಲೇ ವಿಚಾರಿಸಿ. ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ, ಗ್ಯಾಸ್ಕೆಟ್ ಆದ್ರೆ ಸಣ್ಣ ಖರ್ಚು, ಬ್ಲಾಕ್ ಸೀಳಿದ್ರೆ ದೊಡ್ಡದು. ನಿಂತೇ ಹೋಗಿರೋ ಗಾಡಿನ ಸೆಲ್ಫ್ ಹೊಡೆದು ಎಬ್ಬಿಸೋಕೆ ಯಾರಿಗೂ ಬಿಡ್ಬೇಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರ್ ಒಳಕ್ಕೆ ಸ್ವಲ್ಪ ಆಯಿಲ್ ಹಾಕಿ ಎರಡು ದಿನ ಬಿಟ್ಟು ಕೈಯಲ್ಲಿ ತಿರುಗಿಸಿ ನೋಡ್ಬೇಕು. ಕರೆಂಟ್ 6 ವೋಲ್ಟ್ ಅನ್ನೋದೂ ನೆನಪಿರ್ಲಿ, 12ರ ಬ್ಯಾಟರಿ ನೇರ ಕೊಟ್ಟು ಸುಟ್ಟುಹಾಕಿದವರನ್ನ ನೋಡಿದೀನಿ. ಈಗಿನ ಎಥನಾಲ್ ಪೆಟ್ರೋಲ್‌ಗೆ ಹಳೇ ರಬ್ಬರ್ ತಾಳಲ್ಲ, ಪೈಪು ಪಂಪ್ ಡಯಾಫ್ರಂ ಎಲ್ಲಾ ಬದಲಾಯಿಸೋ ಖರ್ಚು ಲೆಕ್ಕಕ್ಕೆ ಹಿಡ್ಕೊಳ್ಳಿ.

ಚಾಸಿ ಕೆಳಗೆ ಮಲಗಿ ನೋಡಿ, ಟಾರ್ಚ್ ಮತ್ತೆ ಒಂದು ಸಣ್ಣ ಸುತ್ತಿಗೆ ಸಾಕು. ನಾಟಾ ಹೊತ್ತ ಲಾರಿಗಳಲ್ಲಿ ಚಾಸಿ ಸೀಳಿ ಪಟ್ಟಿ ಹಾಕಿ ವೆಲ್ಡ್ ಮಾಡಿರೋದು ಸಾಮಾನ್ಯ. ಕ್ಯಾಬಿನ್ ತಗಡು ತುಕ್ಕು ಹಿಡಿದಿದ್ರೆ ಟಿಂಕರಿಂಗ್‌ನವನು ಕಟ್ಟಿಕೊಡ್ತಾನೆ, ಅದಕ್ಕೆ ಚಿಂತೆ ಬೇಡ.

ವೀಲ್ ಬಗ್ಗೆ ಮಾತ್ರ ಕೈಮುಗಿದು ಹೇಳ್ತೀನಿ. ಇವುಗಳ ರಿಮ್ ಎರಡು ಹೋಳಿಂದು, ಒಳಗಿನ ಸುತ್ತಿನ ನಟ್ ವೀಲನ್ನ ಹಬ್‌ಗೆ ಹಿಡಿಯೋದು, ಹೊರಗಿನ ಸುತ್ತಿನ ನಟ್ ಎರಡು ಹೋಳನ್ನ ಸೇರಿಸಿ ಹಿಡಿಯೋದು. ಟೈರಲ್ಲಿ ಗಾಳಿ ಇರುವಾಗ ಆ ಹೊರಗಿನ ನಟ್ ಬಿಚ್ಚಿದ್ರೆ ರಿಮ್ ಸಿಡಿದು ಎದುರಿಗಿರೋರ ಪ್ರಾಣವೇ ಹೋಗುತ್ತೆ. ಪಂಕ್ಚರ್ ಅಂಗಡಿ ಹುಡುಗರಿಗೆ ಇದು ಗೊತ್ತಿರಲ್ಲ. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟ ಮೇಲೇನೇ ಮುಟ್ಬೇಕು, ನೀವೇ ಹತ್ರ ನಿಂತು ಮಾಡಿಸಿ, ಹೊರಗಿನ ನಟ್‌ಗಳಿಗೆ ಕೆಂಪು ಬಣ್ಣ ಬಳಿದುಬಿಡಿ.

ಇನ್ನು ಪೇಪರ್. ಎಂವೈ, ಎಂಇ ಅಂತ ಶುರುವಾಗೋ ಹಳೇ ನಂಬರ್ ಇದ್ರೆ ಆರ್‌ಸಿ ಒರಿಜಿನಲ್ ಕೇಳಿ, ಚಾಸಿ ನಂಬರ್ ನೀವೇ ಉಜ್ಜಿ ಓದಿ ತಾಳೆ ನೋಡಿ, ಎಷ್ಟೋ ಹಳೇ ದಾಖಲೆ ಕಂಪ್ಯೂಟರ್‌ಗೆ ಏರಿಲ್ಲ, ಬ್ಯಾಕ್‌ಲಾಗ್ ಎಂಟ್ರಿ ಮಾಡಿಸ್ಬೇಕಾಗುತ್ತೆ. 2021ರಲ್ಲಿ ಬಂದ ವಿಂಟೇಜ್ ನಿಯಮ ನೋಡಿ, 50 ವರ್ಷ ದಾಟಿದ ಗಾಡಿಗೆ ವಿಎ ಅಂತ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ, ಎಲ್ಲಾ ಸರಿ, ಆದ್ರೆ ಅದು ಬರೆದಿರೋದು ಬೈಕು ಮತ್ತೆ ಪ್ಯಾಸೆಂಜರ್ ಕಾರ್ ವರ್ಗಕ್ಕೆ. ಗೂಡ್ಸ್ ಲಾರಿ ಅದರೊಳಗೆ ಬರುತ್ತೆ ಅಂತ ಮಾರೋನು ಹೇಳಿದ್ರೆ ನಂಬ್ಬೇಡಿ, ನಿಮ್ಮ ಆರ್‌ಟಿಓ ಹತ್ರ ಹೋಗಿ ಈ ಗಾಡಿಯ ಪೇಪರ್ ಇಟ್ಟು ಕೇಳಿ. ಪೇಪರೇ ಇಲ್ಲ ಅಂದ್ರೆ ತೋಟದೊಳಗೆ ಓಡಿಸೋಕೆ, ಮನೆ ಮುಂದೆ ನಿಲ್ಸೋಕೆ ಅಷ್ಟೇ ಅಂತ ತಿಳ್ಕೊಂಡೇ ರೇಟ್ ಮಾತಾಡಿ. ಜೀಪ್ ಆದ್ರೆ ಈ ಪೇಪರ್ ದಾರಿ ಸುಲಭ, ಲಾರಿ ಮೇಲೇ ಪ್ರಾಣ ಇಲ್ಲ ಅಂದ್ರೆ ಜೀಪೇ ನೋಡಿ.

ಓಡಿಸಿ ನೋಡೋಕೆ ಸಿಕ್ಕಿದ್ರೆ ಗೇರ್ ಬದಲಾಯಿಸೋವಾಗ ಡಬಲ್ ಕ್ಲಚ್ ಹೊಡೀಬೇಕು, ಅಂದ್ರೆ ಒಂದು ಸಲ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು ಬಿಟ್ಟು, ಮತ್ತೆ ತುಳಿದು ಗೇರ್ ಹಾಕೋದು, ಗೊತ್ತಿಲ್ದೋರಿಗೆ ಕರ್ ಅನ್ನುತ್ತೆ, ಅದು ಗಾಡಿ ತಪ್ಪಲ್ಲ. ಎಂಜಿನ್ ಕ್ಯಾಬಿನ್ ಒಳಗೇ ಬಂದಿರುತ್ತೆ, ಹತ್ತು ನಿಮಿಷಕ್ಕೆ ಕಾಲು ಸುಡೋಕೆ ಶುರು. ಎತ್ತರದೋರಾದ್ರೆ ಮೊದ್ಲು ಕೂತು ಪೆಡಲ್ ತುಳಿದು ನೋಡಿ, ಬೂಟು ಹಾಕ್ಕೊಂಡು ತುಳೀರಿ. ಬ್ರೇಕ್ ಒಂದೇ ಸಲಕ್ಕೆ ಹಿಡೀಬೇಕು, ಪಂಪ್ ಮಾಡಿದ್ರೆ ಮಾತ್ರ ಹಿಡಿಯುತ್ತೆ ಅಂದ್ರೆ ಅವತ್ತು ರೋಡಿಗೆ ಇಳಿಸ್ಬೇಡಿ.

ಇಷ್ಟೆಲ್ಲಾ ಆಗಿ ಇನ್ನೂ ಬೇಕು ಅನ್ಸಿದ್ರೆ, ತಗೊಳ್ಳೋ ರೇಟಿನ ಜೊತೆ ಅದರ ಎರಡರಷ್ಟು ರಿಪೇರಿಗೆ ಎತ್ತಿಟ್ಕೊಂಡು ಎರಡನೇ ಸಲ ಹೋಗಿ. ಹೊರಡೋಕೆ ಮುಂಚೆ ಟೇಪ್ ಹಿಡಿದು ನಿಮ್ಮ ಮನೆ ಗೇಟು, ಶೆಡ್ ಬಾಗಿಲಿನ ಎತ್ತರ ಎರಡೂ ಅಳೆದು ಬರ್ಕೊಳ್ಳಿ, ನಾನು ಲಾರಿ ತಂದ ದಿನ ಗೇಟಿನ ಕಂಬ ಒಡೆಸ್ಬೇಕಾಯ್ತು.