ಸತ್ತುಹೋದ ಪಿಎಸ್2 ಒಳಗೆ ಗೇಮಿಂಗ್ ಪಿಸಿ: ನನ್ನ ಅನುಭವ

ನಮ್ಮನೆಯ ಪಿಎಸ್2 (ಸೋನಿಯ ಪ್ಲೇಸ್ಟೇಷನ್ 2, ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್) ಆರು ವರ್ಷದಿಂದ ಅಟ್ಟದ ಮೇಲಿತ್ತು. ಅಣ್ಣ ಕಾಲೇಜಿಗೆ ಸೇರಿದ ವರ್ಷ ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್‌ನಿಂದ ತಂದ ದಪ್ಪ ಮಾಡೆಲ್ ಅದು. ಮೊದಲು ಲೆನ್ಸ್ ಹೋಯಿತು, ಆಮೇಲೆ ಬೋರ್ಡ್. ರಿಪೇರಿಯವರು ಬಿಚ್ಚಿ ನೋಡಿ, "ಇನ್ನು ಇದಕ್ಕೆ ದುಡ್ಡು ಹಾಕ್ಬೇಡಿ ಸಾರ್" ಅಂದರು. ಗುಜರಿಗೆ ಹಾಕೋಕೆ ಮಾತ್ರ ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ. ಕೊನೆಗೆ ಅದರೊಳಗೆ ಪಿಸಿ ಕೂರಿಸೋಣ ಅಂತ ತೀರ್ಮಾನ ಮಾಡಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓಡುತ್ತಿರುವ ಕನ್ಸೋಲನ್ನು ದಯವಿಟ್ಟು ಇದಕ್ಕೆ ಬಳಸಬೇಡಿ. ಸತ್ತಿದ್ದು ಹುಡುಕಿದರೆ ಸಿಗುತ್ತದೆ.

ಪಿಎಸ್2 ಹೊರಗಿನ ಅಳತೆ 301 ಮಿ.ಮೀ. ಅಗಲ, 182 ಮಿ.ಮೀ. ಆಳ, 78 ಮಿ.ಮೀ. ಎತ್ತರ. ಪಿಸಿಯ ಚಿಕ್ಕ ಮದರ್‌ಬೋರ್ಡುಗಳ ಒಂದು ಅಳತೆಯಾದ ಮಿನಿ ಐಟಿಎಕ್ಸ್ ಬೋರ್ಡ್ 170 x 170 ಮಿ.ಮೀ. ಲೆಕ್ಕದ ಪ್ರಕಾರ ಒಳಗೆ ಹಿಡಿಸಬೇಕು, ಅಲ್ವಾ? ಅದೇ ಅಳತೆಗೆ ರಟ್ಟು ಕತ್ತರಿಸಿ ಒಳಗೆ ಇಟ್ಟು ನೋಡಿದೆ. ಸ್ಕ್ರೂ ಕಂಬಗಳು ಅಡ್ಡ ಬಂದವು, ಕೇಬಲ್ ಬಗ್ಗಿಸೋಕೂ ಜಾಗ ಉಳಿಯಲಿಲ್ಲ. ಹಾಗಾಗಿ ಎಎಸ್‌ರಾಕ್ ಡೆಸ್ಕ್‌ಮಿನಿ ಎಕ್ಸ್300 ಅನ್ನೋ ಪುಟ್ಟ ಪಿಸಿಯನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಅದರ ಬೋರ್ಡ್ ಬಿಚ್ಚಿಕೊಂಡೆ. ಅದು ಇನ್ನೂ ಚಿಕ್ಕ ಅಳತೆಯ ಮಿನಿ ಎಸ್‌ಟಿಎಕ್ಸ್, 147 x 140 ಮಿ.ಮೀ. ಅಷ್ಟೆ. ಕರೆಂಟು ಲ್ಯಾಪ್‌ಟಾಪ್ ತರಹದ 19 ವೋಲ್ಟ್ ಅಡಾಪ್ಟರಿನಿಂದ ಬರುತ್ತದೆ. ಒಳಗೆ ಪವರ್ ಸಪ್ಲೈ ಇಡುವ ತಾಪತ್ರಯವೇ ಇಲ್ಲ.

ಗ್ರಾಫಿಕ್ಸ್ ಕಾರ್ಡಿಗೆ ಇಲ್ಲಿ ಜಾಗವಿಲ್ಲ. ಅದಕ್ಕೇ ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5 5600ಜಿ ಪ್ರೊಸೆಸರ್ ಹಾಕಿದೆ. ಇದಕ್ಕೆ ಬೇರೆ ಗ್ರಾಫಿಕ್ಸ್ ಮೆಮೊರಿ ಇಲ್ಲ, ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ಆದ್ದರಿಂದ 16 ಜಿಬಿಯ ಒಂದೇ ಸ್ಟಿಕ್ ಹಾಕಬೇಡಿ, 8 ಜಿಬಿಯ ಎರಡು ಹಾಕಿ. ಡಿಡಿಆರ್4 3200 ರ‍್ಯಾಮ್ ಒಂದೇ ಸ್ಟಿಕ್ಕಿನಲ್ಲಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡಾದರೆ 51.2 ಜಿಬಿ. ಆಟ ಆಡುವಾಗ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಕನ್ಸೋಲ್ ಬಿಚ್ಚೋದು ಸುಲಭ. ಅಡಿಯಲ್ಲಿ ಚಿಕ್ಕ ಚೌಕ ಮುಚ್ಚಳಗಳಿವೆ, ಸೂಜಿಯಿಂದ ಎಬ್ಬಿಸಿದರೆ ಕೆಳಗೆ ಸ್ಕ್ರೂ. ಒಳಗಿನ ಪವರ್ ಸಪ್ಲೈ ಬೋರ್ಡ್ ಬಗ್ಗೆ ಮಾತ್ರ ಹುಷಾರು. ಪ್ಲಗ್ ತೆಗೆದ ಮೇಲೂ ಅದರ ದೊಡ್ಡ ಕೆಪಾಸಿಟರ್ ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಬರಿಗೈಯಲ್ಲಿ ಮುಟ್ಟಬೇಡಿ.

ಬೇಡದ ಕಂಬಗಳನ್ನು ರೋಟರಿ ಟೂಲ್‌ನಿಂದ ಕತ್ತರಿಸಿದೆ. ವೇಗ ಜಾಸ್ತಿ ಇಟ್ಟರೆ ಪ್ಲಾಸ್ಟಿಕ್ ಕತ್ತರಿಸೋದಿಲ್ಲ, ಕರಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ನಿಧಾನವಾಗಿ ಕತ್ತರಿಸಿ, ಆಮೇಲೆ ಅರದಿಂದ ಉಜ್ಜಿ. ಬೋರ್ಡ್ ನಿಲ್ಲಿಸುವ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳನ್ನು ಮೊದಲ ಸಲ ಸೂಪರ್ ಗ್ಲೂನಿಂದ ಅಂಟಿಸಿದ್ದು ನನ್ನ ತಪ್ಪು. ಅದರ ಆವಿ ಕಪ್ಪು ಪ್ಲಾಸ್ಟಿಕ್ ಮೇಲೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗೆ ಕೂತಿತು. ಎಲ್ಲ ಕಿತ್ತು, ಜಾಗವನ್ನು ಉಪ್ಪುಕಾಗದದಿಂದ ಒರಟು ಮಾಡಿ, ಅರಾಲ್ಡೈಟ್ ಅಂಟು ಹಾಕಿದೆ. ಒಣಗುವಾಗ ಸ್ಟ್ಯಾಂಡ್‌ಆಫ್‌ಗಳನ್ನು ಬೋರ್ಡಿಗೇ ಸ್ಕ್ರೂ ಮಾಡಿ ಇಟ್ಟಿದ್ದರಿಂದ ತೂತುಗಳು ಸರಿಯಾಗಿ ಹೊಂದಿದವು.

ಮುಂಭಾಗದ ಎಲ್ಲವೂ ಮೊದಲಿನ ಹಾಗೇ ಕೆಲಸ ಮಾಡಬೇಕು ಅನ್ನೋದು ನನ್ನ ಹಠ. ರೀಸೆಟ್ ಬಟನ್ನಿನ ಎರಡು ತಂತಿಯನ್ನು ಬೋರ್ಡಿನ ಪವರ್ ಪಿನ್ನಿಗೆ ಕೊಟ್ಟೆ. ಎರಡು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್‌ಗಳ ತುದಿ ಹಳೆಯ ಯುಎಸ್‌ಬಿ ತೂತುಗಳ ಹಿಂದೆ ಕೂತವು. ಕಂಟ್ರೋಲರ್ ಪೋರ್ಟಿಗೆ ರೆಡಿಮೇಡ್ ಪಿಎಸ್2–ಯುಎಸ್‌ಬಿ ಕನ್ವರ್ಟರ್ ಒಡೆದು, ಅದರ ತಂತಿಗಳನ್ನು ಬೆಸುಗೆ ಹಾಕಿದೆ. ತಂತಿಯ ಬಣ್ಣ ನಂಬಬೇಡಿ. ನಾನು ನಂಬಿ, ಡೇಟಾ ಮತ್ತು ಕಮಾಂಡ್ ತಂತಿ ಅದಲುಬದಲಾಗಿ, ಕಂಟ್ರೋಲರ್ ಇದೆ ಅಂತಲೇ ಪಿಸಿಗೆ ಗೊತ್ತಾಗಲಿಲ್ಲ. ಮಲ್ಟಿಮೀಟರ್ ಹಿಡಿದು ಒಂದೊಂದೇ ಪಿನ್ ಪರೀಕ್ಷೆ ಮಾಡಿದ ಮೇಲೆ ಸರಿಹೋಯಿತು.

ಇನ್ನು ಬಿಸಿ. ಇಡೀ ಕೆಲಸದ ಜೀವಾಳ ಇಲ್ಲೇ ಇದೆ. ಪ್ರೊಸೆಸರ್ ಮೇಲೆ 37 ಮಿ.ಮೀ. ಎತ್ತರದ ಕೂಲರ್ ಹಾಕಿದ್ದೆ. ಮುಚ್ಚಳ ತೆಗೆದಿಟ್ಟು ಆಡಿದರೆ 74 ಡಿಗ್ರಿ. ಮುಚ್ಚಳ ಹಾಕಿದ ಹತ್ತೇ ನಿಮಿಷಕ್ಕೆ 94! ಈ ಪ್ರೊಸೆಸರಿನ ಮಿತಿಯೇ 95. ಕೂಲರಿನ ಫ್ಯಾನ್ ಮೇಲೆ ಮುಚ್ಚಳದಲ್ಲಿ ತೂತು ಕೊರೆದಿದ್ದೆ, ಹಿಂದುಗಡೆ 60 ಮಿ.ಮೀ. ಫ್ಯಾನೂ ಇತ್ತು. ಆದರೂ ಯಾಕೆ ಹೀಗೆ?

ಒಂದು ಊದುಬತ್ತಿ ಹಚ್ಚಿ ಮುಚ್ಚಳದ ತೂತಿನ ಹತ್ತಿರ ಹಿಡಿದೆ. ಹೊಗೆ ಒಳಗೆ ಹೋಗಲೇ ಇಲ್ಲ, ಸುಮ್ನೆ ಅಲ್ಲೇ ಸುತ್ತುತ್ತಿತ್ತು. ಆಗ ಅರ್ಥವಾಯಿತು. ಫ್ಯಾನಿಗೂ ಮುಚ್ಚಳಕ್ಕೂ ನಡುವೆ ಎರಡು ಬೆರಳಿನಷ್ಟು ಸಂದಿ ಇತ್ತು. ಹೀಟ್‌ಸಿಂಕ್‌ನಿಂದ (ಕೂಲರಿನ ಲೋಹದ ಭಾಗ) ಬಂದ ಬಿಸಿ ಗಾಳಿಯನ್ನೇ ಫ್ಯಾನ್ ಆ ಸಂದಿಯಿಂದ ಮತ್ತೆ ಎಳೆದುಕೊಳ್ಳುತ್ತಿತ್ತು. ಕಿಟಕಿ ಸಂದಿಗೆ ಅಂಟಿಸುವ ಸ್ಪಂಜಿನ ಪಟ್ಟಿ ತಂದು, ಫ್ಯಾನ್ ಸುತ್ತ ಮುಚ್ಚಳಕ್ಕೆ ತಾಗುವ ಹಾಗೆ ಒಂದು ಚೌಕ ಕಟ್ಟಿದೆ. ಈ ಸಲ ಹೊಗೆ ನೇರ ಒಳಕ್ಕೆ ಇಳಿಯಿತು, ಸ್ವಲ್ಪ ಹೊತ್ತಿಗೆ ಹಿಂದಿನ ಫ್ಯಾನಿನಿಂದ ಹೊರಬಂತು. ಅದೇ ಆಟ, ಅದೇ ಕೋಣೆ, 79 ಡಿಗ್ರಿ. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಕಡೆ) ಪ್ರೊಸೆಸರನ್ನು 65 ವ್ಯಾಟ್‌ನಿಂದ 45ಕ್ಕೆ ಇಳಿಸಿದ ಮೇಲೆ 70ರ ಆಸುಪಾಸು ನಿಂತಿತು. ಆಟದ ವೇಗ ಹೆಚ್ಚೇನೂ ಕಡಿಮೆಯಾಗಲಿಲ್ಲ. ದುಬಾರಿ ಕೂಲರ್ ಹುಡುಕುವ ಮೊದಲು ಈ ಪಟ್ಟಿ ಅಂಟಿಸಿ ನೋಡಿ.

ಹೊಸ ಆಟಗಳನ್ನು ಸೆಟ್ಟಿಂಗ್ ಇಳಿಸಿಕೊಂಡೇ ಆಡಬೇಕು. ಹಳೆಯವು 1080ಪಿಯಲ್ಲಿ ಆರಾಮಾಗಿ ಓಡುತ್ತವೆ.

ಹೋದ ಭಾನುವಾರ ಅಣ್ಣ ಬಂದಿದ್ದ. ಡಬ್ಬಿಯನ್ನು ಟಿವಿ ಪಕ್ಕ ನಿಲ್ಲಿಸಿ, ಡಿಸ್ಕ್ ಟ್ರೇ ಮೇಲಿನ ಆ ಚಿಕ್ಕ ಪಿಎಸ್ ಲೋಗೋವನ್ನು ಬೆರಳಲ್ಲಿ ತಿರುಗಿಸಿ ನೆಟ್ಟಗೆ ಮಾಡಿದ. ಆಗಲೂ ಅವನು ಮಾಡುತ್ತಿದ್ದ ಮೊದಲ ಕೆಲಸ ಅದೇ. ಆಮೇಲೆ ಎರಡನೇ ಕಂಟ್ರೋಲರ್ ನನ್ನ ಕೈಗೆ ಕೊಟ್ಟು, "ಕೂತ್ಕೋ" ಅಂದ.